ಒರಟು ಬೆಳ್ಳಿ

ಜನವರಿ 9

ಅಪ್ಪನಿಗೆ,

ನಿನ್ನ ಪತ್ರ ತಲುಪಿತು. ಅರ್ಧ ಪುಟ ನನಗೆ ಬೈಗುಳ, ಇನ್ನರ್ಧ ಪುಟ ಪಾತ್ರೆ ಉಜ್ಜಿ ಹೊಳಪು ಕೊಡುವ ನಿನ್ನ ಹೊಸ ಬಫ್ ಚಕ್ರದ ಹೊಗಳಿಕೆ. ಎರಡನ್ನೂ ಎರಡೆರಡು ಸಲ ಓದಿದೆ. ಫೋನು ಮಾಡೋಣವೆಂದರೆ ಹಳೆಯ ಚಕ್ರ ನಿನ್ನ ಕಿವಿಯನ್ನು ಯಾವತ್ತೋ ತಿಂದು ತೇಗಿದೆ; ಬರೆಯುವುದೇ ಗತಿ. ಇದರಲ್ಲಿ ಒಂದು ಸುಖವೂ ಉಂಟು. ಕಾಗದದಲ್ಲಿ ನೀನು ನನ್ನ ಮಾತಿಗೆ ಅಡ್ಡ ಬಾಯಿ ಹಾಕಲಾರೆ.

ಊರಿನವರೆಲ್ಲ ಬೆಳ್ಳಿಯನ್ನು ನುಣುಪು ಮಾಡಿಸಲು ನಿನ್ನ ಅಂಗಡಿಗೆ ಬರುತ್ತಿದ್ದರೆ ನಿನ್ನ ಮಗಳು ಬೆಳ್ಳಿಯನ್ನು ಒರಟು ಮಾಡಿ ಸಂಬಳ ತೆಗೆದುಕೊಳ್ಳುತ್ತಾಳೆ, ಇದೆಂಥ ತಲೆತಿರುಕ ಕೆಲಸ ಎಂದು ಕೇಳಿದ್ದೀಯ. ಹೇಳುತ್ತೇನೆ, ಕೇಳು. ತೆಳ್ಳಗಿನ ಬೆಳ್ಳಿ ತಗಡಿನ ಮೇಲೆ ನಾವು ತೀರಾ ಸಣ್ಣ ಗುಡ್ಡಗಳು ಏಳುವಂತೆ ಮಾಡುತ್ತೇವೆ. ಎಷ್ಟು ಸಣ್ಣ ಎಂದರೆ, ನಿನ್ನ ಅಂಗಡಿಯ ಅತಿ ನಯವಾದ ಪುಡಿಯ ಒಂದು ಕಣವೂ ಅವುಗಳ ಪಕ್ಕದಲ್ಲಿ ಬಂಡೆಯಾಗಿ ಕಾಣುತ್ತದೆ. ಅಲ್ಲಿಗೆ ಬೆಳಕು ಬಿಟ್ಟರೆ ಅದು ಗುಡ್ಡಗಳ ನಡುವಿನ ಸಂದಿಯಲ್ಲಿ ಒತ್ತೊತ್ತಾಗಿ ತುಂಬಿಕೊಳ್ಳುತ್ತದೆ. ಆ ಸಂದಿಯಲ್ಲಿ ಯಾವುದಾದರೂ ವಸ್ತುವಿನ ಅಣು ಸಿಕ್ಕಿಕೊಂಡಿದ್ದರೆ, ಹಿಂದಿರುಗುವ ಬೆಳಕಿನಲ್ಲಿ ಅದರ ಗುರುತು ಇರುತ್ತದೆ. ಸಕ್ಕರೆಗೆ ಒಂದು ಗುರುತು, ವಿಷಕ್ಕೆ ಒಂದು, ಔಷಧಿಗೆ ಇನ್ನೊಂದು. ನುಣುಪು ಬೆಳ್ಳಿಯ ಮೇಲೂ ಅಣು ಅದೇ ಮಾತನ್ನೇ ಹೇಳುತ್ತದೆ, ಆದರೆ ಪಿಸುದನಿಯಲ್ಲಿ, ಯಾರಿಗೂ ಕೇಳಿಸುವುದಿಲ್ಲ. ಒರಟು ಬೆಳ್ಳಿಯ ಮೇಲಾದರೆ ಕೂಗಿ ಹೇಳುತ್ತದೆ.

ಈಗ ಅಸಲು ವಿಷಯ. ಅಮ್ಮನ ಪಾದದ ಊತ ಇಳಿದೇ ಇಲ್ಲ ಎಂದು ಬರೆದಿದ್ದೀಯ. ಡಾಕ್ಟರು ಕೊಟ್ಟ, ಮೈಯ ನೀರು ಇಳಿಸುವ ಮಾತ್ರೆ ಇಷ್ಟು ದಿನಕ್ಕೆ ಕೆಲಸ ಮಾಡಬೇಕಿತ್ತು. ಆ ಮಾತ್ರೆಯಲ್ಲಿ ಇರಬೇಕಾದ ಔಷಧಿ ನಿಜವಾಗಿ ಇದೆಯೋ ಇಲ್ಲವೋ ನೋಡಿಯೇಬಿಡೋಣ ಅನ್ನಿಸಿದೆ. ಇದರ ಜೊತೆ ಉಗುರಿನಗಲದ ಮೂರು ಬೆಳ್ಳಿ ಬಿಲ್ಲೆ ಇಟ್ಟಿದ್ದೇನೆ. ಅಮ್ಮನ ಮಾತ್ರೆಯನ್ನು ಒಂದು ಚಮಚ ಶುದ್ಧ ನೀರಿನಲ್ಲಿ ಕರಗಿಸಿ, ಎರಡು ಬಿಲ್ಲೆಗಳ ಮೇಲೆ ಒಂದೊಂದು ಹನಿ ಬಿಡು. ಮೂರನೆಯದಕ್ಕೆ ಬರೀ ನೀರು. ಒಣಗಿದ ಮೇಲೆ ಅದೇ ಡಬ್ಬಿಯಲ್ಲಿಟ್ಟು ವಾಪಸು ಕಳಿಸು. ಕೈಯಲ್ಲಿ ಮಾತ್ರ ಮುಟ್ಟಬೇಡ, ಬೆರಳಿನ ಜಿಡ್ಡು ತಾಗಿದರೆ ಕೆಟ್ಟುಹೋಗುತ್ತದೆ.

ಅಮ್ಮನಿಗೆ ಕಾಲು ಮೇಲಿಟ್ಟು ಮಲಗಲು ಹೇಳು. ಹೇಳಿದರೆ ಕೇಳುವವಳಲ್ಲ, ಆದರೂ ಹೇಳು.

ನಿನ್ನ ಬುದ್ಧಿ ಕಲಿಯದ ಮಗಳು

*

ಜನವರಿ 20

ಜೀರುಂಡೆಗೆ,

ಈ ಹೆಸರು ನಿನಗೆ ಇಟ್ಟಿದ್ದು ಸರಿಯಾಗಿಯೇ ಇದೆ. ಚಿಕ್ಕವಳಿದ್ದಾಗ ಬಾಯಲ್ಲಿ ಕಿರಿಕಿರಿ, ಈಗ ಕಾಗದದಲ್ಲಿ.

ಬಿಲ್ಲೆಗಳು ಬಂದವು. ಬಿಚ್ಚಿ ನೋಡಿದವನು ಹಾಗೇ ಕುರ್ಚಿಯಲ್ಲಿ ಕೂತೆ. ಅಷ್ಟು ಓದಿಸಿ, ಅಷ್ಟು ದೂರ ಕಳಿಸಿ, ಕೊನೆಗೆ ನನ್ನ ಮಗಳು ಮಾಡುವ ಬೆಳ್ಳಿ ಇದಾ? ಸುಟ್ಟ ಬಾಣಲೆಯ ತಳದ ಬಣ್ಣ. ಗಿರಾಕಿ ಯಾರಾದರೂ ಇಂಥದ್ದನ್ನು ತಂದಿದ್ದರೆ ಎಲ್ಲಿ ಬಿದ್ದು ಸಿಕ್ಕಿತು ಎಂದು ಕೇಳುತ್ತಿದ್ದೆ. ಬಾಗಿಲ ಹಿಡಿಕೆ, ಚಮಚ, ಆಟದಲ್ಲಿ ಗೆದ್ದವರ ಕಪ್, ಬ್ಯಾಂಡಿನವರ ತುತ್ತೂರಿ, ನನ್ನ ಕೈಯಿಂದ ಹೋದ ಯಾವ ವಸ್ತುವೂ ಮಂಕಾಗಿ ಹೋದದ್ದಿಲ್ಲ. ನಿಮ್ಮ ಲ್ಯಾಬಿನ ಮೇಡಂ ಇದನ್ನೆಲ್ಲ ನೋಡಿ ಸುಮ್ಮನಿರುತ್ತಾರಾ?

ಇರಲಿ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದೇನೆ. ಮಾತ್ರೆ ಕರಗಿಸಿದೆ, ಹನಿ ಬಿಟ್ಟೆ, ಒಣಗಿಸಿದೆ. ಕೈಯಲ್ಲಿ ಮುಟ್ಟಲಿಲ್ಲ. ನಮ್ಮ ಅಂಗಡಿಯಿಂದ ಹೋಗುವ ವಸ್ತು ಹೇಗೆ ಹೋಗಬೇಕೋ ಹಾಗೆ ಕಳಿಸಿದ್ದೇನೆ. ನೀರಿನದಕ್ಕೆ ಏನೂ ಮಾಡಲಿಲ್ಲ, ಬರೀ ನೀರಿಗೆ ಯಾಕೆ ಅಲಂಕಾರ? ನಿಮ್ಮ ಮೇಡಂ ಡಬ್ಬಿ ತೆರೆದು ಏನಂದರು ಅನ್ನುವುದನ್ನು ಮರೆಯದೆ ಬರೆ.

ಗುಳಿಗೆಗೆ ಈ ವಿಷಯ ಹೇಳಿಲ್ಲ. ಎದುರಿನ ಔಷಧಿ ಅಂಗಡಿ ಅವನದೇ ಅಲ್ಲವಾ, ತನ್ನ ಮಾತ್ರೆಯನ್ನು ನಾವು ಪರೀಕ್ಷೆಗೆ ಕಳಿಸಿದೆವು ಎಂದು ಗೊತ್ತಾದರೆ ಮುಖ ಊದಿಸಿಕೊಳ್ಳುತ್ತಾನೆ. ನಾನು ಅವನನ್ನು ಗುಳಿಗೆ ಅನ್ನುವುದು, ಅವನು ನನ್ನನ್ನು ಫಳಫಳ ಅನ್ನುವುದು ಇನ್ನೂ ಹಾಗೇ ನಡೆದಿದೆ. ಸಂಜೆ ಚಕ್ರ ನಿಲ್ಲಿಸಿದ ಮೇಲೆ ಅವನ ಅಂಗಡಿಯ ಸ್ಟೂಲೇ ನನಗೆ ಮನೆ. ಬೇರೆಯವರೆಲ್ಲ ನನ್ನ ಕಿವಿಯೊಳಗೆ ಅರಚುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ. ಅವನೊಬ್ಬ ಮಾತ್ರ ನನ್ನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ತುಟಿ ಆಡಿಸಿ ಮಾತಾಡುತ್ತಾನೆ. ಊರಿನ ಸುದ್ದಿಯೆಲ್ಲ ನನಗೆ ಅವನ ಬಾಯಿಯಿಂದಲೇ ತಿಳಿಯಬೇಕು. ಅರ್ಧ ಸುಳ್ಳು ಸೇರಿಸುತ್ತಾನೆ, ಅದು ಬೇರೆ ಮಾತು.

ನಿಮ್ಮಮ್ಮ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಎಂದಿನಂತೆ ಕೂರುತ್ತಿದ್ದಾಳೆ. ಸಂಜೆ ಬಂದು ಚಪ್ಪಲಿ ಬಿಚ್ಚಿದರೆ ಪಟ್ಟಿ ಒತ್ತಿದ ಕಡೆ ಪಾದದಲ್ಲಿ ಗುಂಡಿ ಬಿದ್ದಿರುತ್ತದೆ. ನೋಡಿ ನನಗೆ ಹೆದರಿಕೆಯಾಗುತ್ತದೆ, ಅವಳಿಗೆ ಹೇಳಿಲ್ಲ.

ಕಿವುಡನಾದರೂ ಕುರುಡನಲ್ಲದ,
ಅಪ್ಪ

*

ಫೆಬ್ರವರಿ 6

ಅಪ್ಪ,

ಇದನ್ನು ಕೂತು ಓದು.

ನಿನ್ನ ಬಿಲ್ಲೆಗಳ ಫಲಿತಾಂಶ ಬಂದಿದೆ. ನಾನು ತಯಾರಿಸಿದ ಬಿಲ್ಲೆಯನ್ನು ನಾನೇ ಓದುವಂತಿಲ್ಲ. ಮನಸ್ಸಿಗೆ ಬೇಕಾದದ್ದೇ ಕಣ್ಣಿಗೆ ಕಾಣಿಸುತ್ತದೆ ಎಂದು ಮೇಡಂ ಮಾಡಿದ ನಿಯಮ. ಹಾಗಾಗಿ ಡಬ್ಬಿ ಬಂದದ್ದೇ ಯಂತ್ರದ ಕೋಣೆಗೆ ಹೋಯಿತು. ಅಲ್ಲಿ ಹೊಸದಾಗಿ ಸೇರಿದವಳು ಓದಿ, ಗೆರೆಗಳ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾಳೆ.

ಅಮ್ಮನ ಮಾತ್ರೆಯಲ್ಲಿ ಔಷಧಿಯ ಗುರುತೇ ಇಲ್ಲ. ಎರಡು ಬಿಲ್ಲೆಗಳಲ್ಲೂ ಇಲ್ಲ. ಬದಲಿಗೆ ಇರುವುದು ಸೀಮೆಸುಣ್ಣ. ನೀರಿನ ಬಿಲ್ಲೆಯಲ್ಲಿ ಏನೂ ಇಲ್ಲ, ಅಂದರೆ ಸುಣ್ಣ ಬಂದದ್ದು ನೀರಿನಿಂದಲ್ಲ. ಆ ಮೂರರ ಜೊತೆಗೇ ಮಾಡಿದ್ದ ಇನ್ನೊಂದು ಬಿಲ್ಲೆಯ ಮೇಲೆ ಇಲ್ಲಿಯ ಒಳ್ಳೆಯ ಮಾತ್ರೆಯ ಹನಿ ಬಿಟ್ಟು ನೋಡಿದೆವು, ಔಷಧಿಯ ಗುರುತು ಚೆನ್ನಾಗಿ ಬಂತು. ಅಂದರೆ ಬಿಲ್ಲೆಯ ತಪ್ಪೂ ಅಲ್ಲ. ಔಷಧಿಯ ಬದಲು ಸುಣ್ಣ ಒತ್ತಿ ಮಾತ್ರೆ ಎಂದು ಮಾರುವವರು ಇರುತ್ತಾರೆ ಎಂದು ಕೇಳಿದ್ದೆ. ನಮ್ಮ ಮನೆಗೇ ಬರುತ್ತದೆ ಎಂದುಕೊಂಡಿರಲಿಲ್ಲ.

ಅಮ್ಮನಿಗೆ ಇವತ್ತೇ ಬೇರೆ ಅಂಗಡಿಯಿಂದ ಮಾತ್ರೆ ತಂದುಕೊಡು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನು ಎಸೆಯದೆ ನನಗೆ ಕಳಿಸು, ಇನ್ನೊಮ್ಮೆ ನೋಡಬೇಕು.

ಔಷಧಿ ಅಂಗಡಿಯ ಮಾಮನಿಗೆ ಈಗಲೇ ಏನೂ ಹೇಳಬೇಡ. ಅವರಿಗೇ ಯಾರೋ ಮೋಸ ಮಾಡಿರಬಹುದು. ಎರಡನೇ ಸಲ ನೋಡುವ ತನಕ ಇದು ನಮ್ಮ ನಮ್ಮಲ್ಲಿಯೇ ಇರಲಿ.

ನಿನ್ನ ಮಗಳು

*

ಫೆಬ್ರವರಿ 14

ಮಗಳೇ,

ಹೇಳಬೇಡ ಎಂದು ನೀನು ಬರೆದದ್ದು ಕೊನೆಯಲ್ಲಿ. ಸೀಮೆಸುಣ್ಣ ಅನ್ನುವ ಮಾತಿಗೆ ಬರುವಷ್ಟರಲ್ಲಿ ನಾನು ರಸ್ತೆ ದಾಟಿಯಾಗಿತ್ತು.

ಅವನ ಅಂಗಡಿಯಲ್ಲಿ ಸಂಜೆಯ ಜನ ತುಂಬಿದ್ದರು. ಕೈಯಲ್ಲಿ ನಿನ್ನ ಕಾಗದ ಹಿಡಿದುಕೊಂಡೇ ಹೋದೆ. ನಾನೆಷ್ಟು ಜೋರಾಗಿ ಮಾತಾಡಿದೆನೋ ನನಗೆ ಗೊತ್ತಿಲ್ಲ, ನನ್ನ ದನಿಯ ಅಳತೆ ನನಗೆ ಸಿಗುವುದಿಲ್ಲ. ಎದುರಿನ ಬಸ್ ನಿಲುಗಡೆಯಲ್ಲಿ ನಿಂತಿದ್ದವರೂ ತಿರುಗಿ ನೋಡಿದರಂತೆ. ನಾನು ಹೇಳಿದ್ದು ಇಷ್ಟೇ: “ನನ್ನ ಹೆಂಡ್ತಿಗೆ ಸೀಮೆಸುಣ್ಣ ತಿನ್ನಿಸ್ದ್ಯಲ್ಲೋ. ನಿನ್ನನ್ನ ನಂಬಿ ಕೂತಿದ್ನಲ್ಲೋ ನಾನು.”

ಅವನು ಮಾತ್ರೆ ಕತ್ತರಿಸುತ್ತಿದ್ದ ಕತ್ತರಿ ಹಾಗೇ ನಿಂತಿತು. ಏನೋ ಹೇಳಿದ, ತಲೆ ಬಗ್ಗಿಸಿ ಹೇಳಿದ್ದರಿಂದ ನನಗೆ ತುಟಿ ಕಾಣಲಿಲ್ಲ. ಕೌಂಟರಿನ ಹತ್ತಿರ ನಿಂತಿದ್ದ ಹೆಂಗಸೊಬ್ಬರು ತಾವು ಕೊಂಡಿದ್ದ ಔಷಧಿಯನ್ನು ಅಲ್ಲೇ ಇಟ್ಟು ಹೊರಟುಹೋದರು. ಅವರ ಹಿಂದೆ ಇನ್ನೊಬ್ಬರು. ಅವನು ಎದ್ದು ಬಂದು ಷಟರ್ ಅರ್ಧಕ್ಕೆ ಎಳೆದ. ನಾನು ಹೊರಗೆ, ಅವನು ಒಳಗೆ. ಅರ್ಧ ಷಟರಿನ ಕೆಳಗೆ ಅವನ ಕಾಲು ಮಾತ್ರ ಕಾಣುತ್ತಿತ್ತು, ಕದಲದೆ ನಿಂತಿತ್ತು.

ನಿಮ್ಮಮ್ಮನಿಗೆ ದೊಡ್ಡ ರಸ್ತೆಯ ಅಂಗಡಿಯಿಂದ ಹೊಸ ಮಾತ್ರೆ ತಂದಿದ್ದೇನೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾನು ಮಾಡಿದ್ದರಲ್ಲಿ ತಪ್ಪೇನಿದೆ ಹೇಳು? ಸತ್ಯ ತಾನೇ ಹೇಳಿದ್ದು? ಆದರೂ ಸಂಜೆ ಚಕ್ರ ನಿಲ್ಲಿಸಿದರೆ ಎಲ್ಲಿ ಹೋಗುವುದು ಗೊತ್ತಾಗುವುದಿಲ್ಲ. ಅಂಗಡಿಯೊಳಗೇ ಕೂತು ತೊಳೆದ ಬಟ್ಟೆಯನ್ನೇ ಮತ್ತೆ ತೊಳೆಯುತ್ತೇನೆ. ಇಡೀ ದಿನ ಒಬ್ಬರ ತುಟಿಯೂ ನನ್ನ ಕಡೆ ತಿರುಗುವುದಿಲ್ಲ. ಅವನ ಮೇಲೆ ಕೋಪವಿದೆ, ಅವನಿಲ್ಲದೆ ಬೇಜಾರೂ ಇದೆ, ಎರಡೂ ಒಟ್ಟಿಗೆ ಹೇಗೆ ಇರುತ್ತವೋ.

ಅಂದ ಹಾಗೆ, ನಿಮ್ಮ ಮೇಡಂ ಬಿಲ್ಲೆಗಳನ್ನು ನೋಡಿ ಏನೂ ಅನ್ನಲಿಲ್ಲವಾ? ನೀನು ಅದರ ಬಗ್ಗೆ ಬರೆಯಲೇ ಇಲ್ಲ.

ಅಪ್ಪ

*

ಫೆಬ್ರವರಿ 27

ಮಗಳಿಗೆ,

ಯಾವತ್ತೂ ಪತ್ರ ಬರೆಯದ ಅಮ್ಮ ಬರೆದಳೆಂದು ಗಾಬರಿಯಾಗಬೇಡ. ಚೆನ್ನಾಗಿದ್ದೇನೆ. ನಿಮ್ಮಪ್ಪ ಏನು ಬರೆದರೋ ನಾನು ಓದಿಲ್ಲ. ಆದರೆ ಏನು ಬರೆದಿರುತ್ತಾರೆ ಎಂದು ನನಗೆ ಗೊತ್ತು. ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಅವರು ಕೂಗಾಡಿದ ಮರುದಿನವೇ ಔಷಧಿ ಅಂಗಡಿಯ ಷಟರಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘ಸೀಮೆಸುಣ್ಣ’ ಎಂದೇ ದೊಡ್ಡದಾಗಿ ಬರೆದು ಹೋಗಿದ್ದರು. ಅಂಗಡಿಯವರು ಒದ್ದೆ ಬಟ್ಟೆ ತಂದು ಒರೆಸುತ್ತಿದ್ದಾಗ ನಾನು ಕೆಲಸಕ್ಕೆ ಹೊರಟಿದ್ದೆ. ನನ್ನನ್ನು ನೋಡಿ ಕಾಲು ಹೇಗಿದೆ ಎಂದು ಕೇಳಿದರು. ಪರವಾಗಿಲ್ಲ ಎಂದು ತಲೆ ತಗ್ಗಿಸಿ ಬಂದೆ. ಈಗ ಅಂಗಡಿಗೆ ನೊಣವೂ ಬರುತ್ತಿಲ್ಲ. ಮಕ್ಕಳ ಜ್ವರದ ಔಷಧಿಗೂ ಜನ ದೊಡ್ಡ ರಸ್ತೆಗೆ ಹೋಗುತ್ತಾರೆ. ಅವರು ಬಾಗಿಲು ತೆರೆದು, ಕಪಾಟು ಒರೆಸಿ, ಸಂಜೆಯ ತನಕ ಕೂತು, ಬಾಗಿಲು ಹಾಕುತ್ತಾರೆ.

ಇನ್ನೊಂದು ವಿಷಯ, ಇದಕ್ಕೆ ನೀನು ನನ್ನನ್ನು ಬೈಯಬೇಕು. ಆ ಮಾತ್ರೆಯನ್ನು ನಾನು ಕೆಲಸದ ದಿನ ನುಂಗುತ್ತಲೇ ಇರಲಿಲ್ಲ. ನುಂಗಿದರೆ ಗಳಿಗೆಗೊಮ್ಮೆ ಎದ್ದು ಓಡಬೇಕು. ಟಿಕೆಟ್ ಕಿಟಕಿಯಲ್ಲಿ ಒಬ್ಬಳೇ ಇರುವುದು, ಮುಂದೆ ಜನರ ಸಾಲು, ಶೌಚಾಲಯ ನಿಲ್ದಾಣದ ಆ ತುದಿಯಲ್ಲಿ. ಎದ್ದು ಹೋದರೆ ಮೇಲಿನವರಿಂದ ಮಾತು ಕೇಳಬೇಕು. ಅದಕ್ಕೇ ರಜೆ ಇದ್ದ ದಿನ ಮಾತ್ರ ನುಂಗುತ್ತಿದ್ದೆ. ನಿಮ್ಮಪ್ಪನಿಗೆ ಹೇಳಲು ನಾಚಿಕೆ, ಡಾಕ್ಟರಿಗೆ ಹೇಳಲು ಹೆದರಿಕೆ. ಊತ ಇಳಿಯದಿದ್ದರೆ ಅದು ನನ್ನ ತಪ್ಪು, ಮಾತ್ರೆಯದ್ದಲ್ಲ.

ಈಗ ನೀನೇ ಯೋಚನೆ ಮಾಡು. ರಜೆಯ ದಿನ ಆ ಮಾತ್ರೆ ನುಂಗಿದರೆ ಮಧ್ಯಾಹ್ನದ ತನಕ ಓಡಾಡಿ ಓಡಾಡಿ ಸಾಕಾಗಿಹೋಗುತ್ತಿತ್ತು. ಸೀಮೆಸುಣ್ಣ ತಿಂದರೆ ಯಾರಾದರೂ ಹಾಗೆ ಓಡುತ್ತಾರಾ? ನಿನ್ನ ಯಂತ್ರ ಏನು ಹೇಳುತ್ತದೋ ನನಗೆ ಗೊತ್ತಿಲ್ಲ. ನನ್ನ ಮೈಗೆ ಗೊತ್ತಿರುವುದನ್ನು ಹೇಳಿದ್ದೇನೆ.

ಹಳೆಯ ಮಾತ್ರೆಗಳನ್ನು ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಬೇಗ ನೋಡು. ಆ ಮನುಷ್ಯನ ಮುಖ ನೋಡಲು ಆಗುತ್ತಿಲ್ಲ.

ಅಮ್ಮ

*

ಮಾರ್ಚ್ 8

ಅಪ್ಪನಿಗೆ,

ಈ ಸಲ ಕೊನೆಯ ಸಾಲಿನ ತನಕ ಓದಿ ಆಮೇಲೆ ಏಳು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

ಅಮ್ಮ ಕಳಿಸಿದ ಮಾತ್ರೆಗಳು ಬಂದ ದಿನವೇ ಹೊಸ ಬಿಲ್ಲೆ ತೆಗೆದುಕೊಂಡು, ಹನಿ ಬಿಟ್ಟು ಯಂತ್ರದ ಕೋಣೆಗೆ ಕೊಟ್ಟೆ. ಔಷಧಿ ಇದೆ. ಇರಬೇಕಾದಷ್ಟೂ ಇದೆ. ಸೀಮೆಸುಣ್ಣದ ಗುರುತೂ ಇಲ್ಲ. ಮೂರು ಸಲ ಓದಿಸಿದೆ, ಮೂರು ಸಲವೂ ಅದೇ. ಮಾಮನ ಅಂಗಡಿಯ ಮಾತ್ರೆ ಅಪ್ಪಟ ಮಾತ್ರೆ.

ಹಾಗಾದರೆ ಮೊದಲು ಏನಾಯಿತು? ನೀನು ಕಳಿಸಿದ್ದ ಡಬ್ಬಿಯನ್ನು ಯಂತ್ರದ ಕೋಣೆಯಿಂದ ತರಿಸಿ, ಮೊದಲ ಸಲ ನಾನೇ ತೆರೆದೆ. ಒಂದು ಬಿಲ್ಲೆ ಮಾಸಲಾಗಿತ್ತು, ನಾನು ಕಳಿಸಿದ ಹಾಗೇ. ಉಳಿದ ಎರಡರಲ್ಲಿ ನನ್ನ ಮೂಗು ಕಂಡಿತು. ಅಪ್ಪ, ನಮ್ಮ ಬಿಲ್ಲೆಯಲ್ಲಿ ಯಾರ ಮೂಗೂ ಕಾಣಬಾರದು. ಅಲ್ಲೇ ಎಲ್ಲ ಅರ್ಥವಾಯಿತು. ನಮ್ಮ ಅಂಗಡಿಯಿಂದ ಹೋಗಬೇಕಾದ ಹಾಗೆ ಕಳಿಸಿದ್ದೇನೆ ಎಂದು ನೀನು ಬರೆದಿದ್ದೆ. ಮೇಡಂ ಏನಂದರು ಎಂದು ಎರಡು ಪತ್ರದಲ್ಲಿ ಕೇಳಿದ್ದೆ. ನಾನು ಮರುಳು ಹಿಡಿದವಳ ಹಾಗೆ ಓದಿ ಮುಂದೆ ಹೋಗಿದ್ದೆ.

ಹನಿ ಬಿಡುವ ಮೊದಲೇ ಪಾಲಿಶ್ ಮಾಡಿದ್ದೀಯ. ನಯವಾದ ಸೀಮೆಸುಣ್ಣದ ಪುಡಿಯಲ್ಲಿ, ಚರ್ಮದ ತುಂಡಿನಲ್ಲಿ, ಕೈ ತಾಗದಂತೆ. ನನಗೆ ಕೋಪ ಬಂದು, ಅದರ ಬೆನ್ನಿಗೇ ಅಳು ಬಂತು. ನಿನ್ನ ಮಗಳ ಮಾನ ಉಳಿಸಲು ಮಾಡಿದ್ದು ಅದು, ನನಗೆ ಗೊತ್ತು. ಆ ಮಾಸಲು ಬಣ್ಣ ಕೊಳೆಯಲ್ಲ ಅಪ್ಪ. ಆ ಸಣ್ಣ ಗುಡ್ಡಗಳು ಸೇರಿ ಹಾಗೆ ಕಾಣುತ್ತವೆ. ಬಣ್ಣ ಹೋದರೆ ಗುಡ್ಡವೂ ಹೋಯಿತು. ಔಷಧಿ ಅಲ್ಲೇ ಇತ್ತು, ಅದರ ದನಿ ಉಡುಗಿತ್ತು. ಕೇಳಿಸಿದ್ದು ನಿನ್ನ ಪುಡಿಯ ದನಿ. ನೀರಿನ ಬಿಲ್ಲೆಗೆ ನೀನು ಅಲಂಕಾರ ಮಾಡಲಿಲ್ಲ, ಆದ್ದರಿಂದ ಅದರಲ್ಲಿ ಸುಣ್ಣ ಕಾಣಲಿಲ್ಲ. ನಾವು ಅದನ್ನೇ ಸಾಕ್ಷಿ ಎಂದುಕೊಂಡೆವು.

ನಿನ್ನೊಬ್ಬನ ಮೇಲೆ ಹಾಕುವುದಿಲ್ಲ. ಉಜ್ಜಲೂಬಾರದು, ಯಾಕೆ ಉಜ್ಜಬಾರದು ಎಂದು ನಾನು ಬಿಡಿಸಿ ಹೇಳಬೇಕಿತ್ತು. ಡಬ್ಬಿ ತೆರೆದು ನೋಡುವ ಮೊದಲೇ ಹೆದರಿ ಬರೆದದ್ದು ನಾನು. ಮಾಮನಿಗೆ ಕ್ಷಮೆ ಕೇಳಿ ನಾನೂ ಬರೆಯುತ್ತೇನೆ. ಆದರೆ ನನ್ನ ಕಾಗದವನ್ನು ಅವರೊಬ್ಬರೇ ಓದುತ್ತಾರೆ. ನೀನು ಹೇಳಿದ್ದನ್ನು ಬೀದಿ ಕೇಳಿಸಿಕೊಂಡಿತ್ತು. ಎಲ್ಲಿ ಹೇಳಿದೆಯೋ ಅಲ್ಲೇ, ಅಷ್ಟೇ ಜೋರಾಗಿ, ಅಷ್ಟೇ ಜನರ ಮುಂದೆ ನೀನೇ ಹೇಳಬೇಕು.

ಅಮ್ಮನ ವಿಷಯ ಅಮ್ಮನೇ ಹೇಳುತ್ತಾಳೆ. ಬೈಯಬೇಡ. ಮಾತ್ರೆ ನುಂಗುವ ಹೊತ್ತನ್ನು ಸಂಜೆಗೆ ಬದಲಾಯಿಸಬಹುದಾ ಎಂದು ಡಾಕ್ಟರನ್ನು ಕೇಳಿ.

ನಿನ್ನ ಮಗಳು

*

ಮಾರ್ಚ್ 19

ಮಗಳೇ,

ಹೋಗಿ ಬಂದೆ.

ನಿನ್ನ ಪತ್ರ ಓದಿ ಎರಡು ದಿನ ಮನೆಯಲ್ಲಿ ಯಾರಿಗೂ ಮುಖ ತೋರಿಸಲಿಲ್ಲ. ಇಷ್ಟು ವರ್ಷ ಯಾರ ಬೆಳ್ಳಿಯನ್ನೂ ಕೆಡಿಸದವನು ಮಗಳ ಬೆಳ್ಳಿಯನ್ನು ಕೆಡಿಸಿದೆ. ಅದು ಹೋಗಲಿ, ಇನ್ನೆರಡು ಬಿಲ್ಲೆ ನೀನು ಮಾಡಿಕೊಳ್ಳುತ್ತೀಯ. ಗುಳಿಗೆಯ ಹೆಸರನ್ನು ಏನು ಮಾಡಲಿ? ಅದಕ್ಕೆ ಯಾವ ಪುಡಿ ಹಾಕಿ ಉಜ್ಜಲಿ?

ಅವನ ಅಂಗಡಿಯಲ್ಲಿ ಈಗ ಜನವಿಲ್ಲ. ಖಾಲಿ ಅಂಗಡಿಯಲ್ಲಿ ತಪ್ಪು ಒಪ್ಪಿಕೊಂಡರೆ ಏನು ಬಂತು? ಅದಕ್ಕೇ ಬಸ್ ಬಂದು ನಿಲ್ಲುವ ಹೊತ್ತು ನೋಡಿಕೊಂಡು ಹೋದೆ. ನಿಮ್ಮಮ್ಮ ಬರುತ್ತೇನೆ ಅಂದಳು, ಬೇಡ ಅಂದೆ. ಅವನ ಮೆಟ್ಟಿಲ ಮೇಲೆ ನಿಂತು ರಸ್ತೆಯ ಕಡೆ ತಿರುಗಿ, ಇವನ ಮಾತ್ರೆ ಸರಿಯಾಗಿತ್ತು, ಸುಣ್ಣ ನನ್ನ ಅಂಗಡಿಯದು, ತಪ್ಪು ನನ್ನದು ಎಂದು ಇದ್ದಬದ್ದ ಗಂಟಲಿನಲ್ಲಿ ಹೇಳಿದೆ. ಜನ ನಿಂತು ನೋಡಿದರು. ಒಂದಿಬ್ಬರು ನಕ್ಕರು. ನಗಲಿ. ಆಮೇಲೆ ಒಳಗೆ ಹೋಗಿ ಅವನ ಮುಂದೆ ನಿಂತೆ. ತಪ್ಪಾಯ್ತು ಕಣೋ ಅಂದೆ. ದನಿ ಹೊರಗೆ ಬಂತೋ ಇಲ್ಲವೋ, ಅದೂ ಗೊತ್ತಿಲ್ಲ.

ಈಗ ನಾನು ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. ಅವನು ಒಂದು ಮಾತು ಹೇಳಿದ. ಎಂದಿನ ಹಾಗೆ ಮುಖ ಕೊಟ್ಟು ಹೇಳಲಿಲ್ಲ, ಅರ್ಧ ತಿರುಗಿ, ಕಪಾಟಿನ ಕಡೆ ನೋಡುತ್ತ ಹೇಳಿದ. ನನಗೆ ಒಂದು ಕಡೆಯ ತುಟಿ ಅಷ್ಟೇ ಕಂಡಿತು. ಎರಡು ಸಲ ಮುಚ್ಚಿ ತೆರೆಯಿತು. ‘ಬಾ, ಬಾ’ ಅಂದ ಹಾಗಿತ್ತು. ‘ನಾಳೆ ಬಾ’ ಅಂದನೋ, ‘ಬಾ ಬಾ, ಇದೆಲ್ಲ ಇದ್ದದ್ದೇ’ ಅಂದನೋ, ಏನೋ ಒಂದು ‘ಬಾ’ ಇತ್ತು. ಇನ್ನೊಮ್ಮೆ ಹೇಳು ಎಂದು ಕೇಳುವ ಧೈರ್ಯ ಬರಲಿಲ್ಲ. ಕ್ಷಮೆ ಕೇಳಲು ಹೋದವನು ಏನಂದೆ ಏನಂದೆ ಎಂದು ಪೀಡಿಸಿದರೆ ಚೆನ್ನಾಗಿರುತ್ತದಾ? ತಲೆ ಆಡಿಸಿ ಬಂದುಬಿಟ್ಟೆ.

ಮರುದಿನ ಸಂಜೆ ಹೋದೆ, ಸ್ಟೂಲಿನ ಮೇಲೆ ಕೂತೆ. ಅವನು ಮಾತಾಡಲಿಲ್ಲ. ಅದರ ಮರುದಿನವೂ ಹೋದೆ, ಅವತ್ತೂ ಇಲ್ಲ. ದಿನಾ ಹೋಗುತ್ತಿದ್ದೇನೆ. ಬಾ ಅಂದವನು ಯಾಕೆ ಮಾತಾಡುವುದಿಲ್ಲ? ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ನಾನೇ ಕೇಳಲು ಯಾವ ಮುಖ ಇಟ್ಟುಕೊಂಡು ಕೇಳಲಿ? ನಿನ್ನ ಮೇಲೆ ಅವನಿಗೆ ಮೊದಲಿನಿಂದ ಅಕ್ಕರೆ. ನೀನೊಂದು ಕಾಗದ ಬರೆದು, ಅವತ್ತು ಅಪ್ಪನಿಗೆ ಏನು ಹೇಳಿದಿರಿ ಎಂದು ಕೇಳಿ ತಿಳಿಸು. ಕೆಟ್ಟ ಮಾತೇ ಆಗಿದ್ದರೂ ತಿಳಿಸು.

ಅಮ್ಮ ಈಗ ಸಂಜೆ ಮಾತ್ರೆ ನುಂಗುತ್ತಾಳೆ. ಪಾದದ ಗುಂಡಿ ಕಡಿಮೆಯಾಗಿದೆ.

ಅಪ್ಪ

*

ಏಪ್ರಿಲ್ 2

ಮಗು,

ನಿನ್ನ ಎರಡು ಪತ್ರಗಳೂ ಬಂದವು. ಮೊದಲನೆಯದಕ್ಕೆ ಉತ್ತರ ಬರೆಯಲಿಲ್ಲ, ಬರೆಯಲು ಮನಸ್ಸಾಗಲಿಲ್ಲ. ಎರಡನೆಯದರಲ್ಲಿ ಒಂದು ಪ್ರಶ್ನೆ ಕೇಳಿದ್ದೀಯ. ಯಾವ ವಸ್ತುವಿನಲ್ಲಿ ಏನಿದೆ ಎಂದು ಹುಡುಕುವುದೇ ನಿನ್ನ ಕೆಲಸ, ನಿನಗೆ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ನಿಮ್ಮಪ್ಪ ಬಂದರೆ ಏನು ಹೇಳಬೇಕೆಂದು ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಅವನು ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ತಪ್ಪೊಪ್ಪಿಕೊಂಡ. ಅದಾದ ಮೇಲೂ ನಾನು ಅದೇ ಮಾತನ್ನು ಹೇಳಿದೆ. “ಇನ್ನು ಈ ಕಡೆ ಬರಬೇಡ.” ಅವನು ಒಳ್ಳೆಯ ಸುದ್ದಿ ಕೇಳಿದವನ ಹಾಗೆ ತಲೆ ಆಡಿಸಿ ಇಳಿದು ಹೋದ.

ಮರುದಿನ ಸಂಜೆ ನೋಡುತ್ತೇನೆ, ಕೈ ತೊಳೆದುಕೊಂಡು, ತಲೆ ಬಾಚಿಕೊಂಡು ಬಂದು ಸ್ಟೂಲಿನ ಮೇಲೆ ಕೂತಿದ್ದಾನೆ. ನನಗೆ ಮೈಯೆಲ್ಲ ಉರಿಯಿತು. ನಿನ್ನೆ ಹೇಳಿದ್ದು ತಿಳಿಯಲಿಲ್ಲವಾ ಎಂದು ಕೇಳಲು ಬಾಯಿ ತೆರೆದೆ. ಬಾಯಿ ತೆರೆದ ಕೂಡಲೇ ಅವನು ಕತ್ತು ಮುಂದೆ ಚಾಚಿ ನನ್ನ ತುಟಿಯನ್ನೇ ನೋಡತೊಡಗಿದ. ಆಗ ನನಗೆ ಹೊಳೆಯಿತು, ಅವನಿಗೆ ಕೇಳಿಸಿಯೇ ಇಲ್ಲ ಎಂದು. ಮೊದಲ ಸಲ ಕೋಪದಲ್ಲಿ, ಕಪಾಟಿನ ಕಡೆ ತಿರುಗಿ ಹೇಳಿಬಿಟ್ಟಿದ್ದೆ. ಈಗ ಹೇಳಬೇಕಾದರೆ ಅವನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. ಬ-ರ-ಬೇ-ಡ ಎಂದು. ಪ್ರಯತ್ನ ಮಾಡಿದೆ, ಆಗಲಿಲ್ಲ. ಬಾಯಿ ಮುಚ್ಚಿಕೊಂಡು ಕಪಾಟು ಒರೆಸಲು ಎದ್ದೆ.

ಅಂದಿನಿಂದ ದಿನಾ ಬರುತ್ತಾನೆ. ನಾನು ಮಾತಾಡಿಲ್ಲ. ಕೋಪ ಹೋಗಿದೆ ಎಂದು ತಿಳಿಯಬೇಡ. ಅವನು ಕೂಗಾಡಿದ್ದು ನನಗೆ ದೊಡ್ಡದಲ್ಲ, ಅವನ ದನಿಯೇ ಹಾಗೆ. ಇಷ್ಟು ವರ್ಷ ಎದುರಿಗೆ ಕೂತವನು ಒಂದು ಸಲ ನನ್ನನ್ನು ಕೇಳಲಿಲ್ಲವಲ್ಲ, ಅದು ದೊಡ್ಡದು. ನೀನೂ ಕೇಳಲಿಲ್ಲ. ನಿನ್ನ ಯಂತ್ರ ಹೇಳಿತು, ನೀವಿಬ್ಬರೂ ನಂಬಿದಿರಿ. ಇನ್ನೂ ಒಂದು ಹೇಳುತ್ತೇನೆ. ಅವತ್ತು ಷಟರ್ ಎಳೆದ ಮೇಲೆ ನಾನೂ ಒಂದು ಮಾತ್ರೆ ಪುಡಿ ಮಾಡಿ ನಾಲಿಗೆಯ ಮೇಲಿಟ್ಟುಕೊಂಡೆ, ಸುಣ್ಣವೋ ಅಲ್ಲವೋ ನೋಡಲು. ಮಾತ್ರೆ ಮಾಡುವವನು ನಾನಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಬಂದದ್ದನ್ನು ನಂಬಿ ಕೊಡುವವನು. ಈಗ ಪ್ರತಿ ಪೆಟ್ಟಿಗೆ ಬಿಚ್ಚುವಾಗಲೂ ಕೈ ಒಂದು ಗಳಿಗೆ ನಿಲ್ಲುತ್ತದೆ. ನಿಮ್ಮಪ್ಪನ ತಪ್ಪೊಪ್ಪಿಗೆಯಿಂದ ಅದು ಸರಿಹೋಗಿಲ್ಲ.

ಜನ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಕೂಗಾಡಿದವನೇ ದಿನಾ ಇಲ್ಲಿ ಬಂದು ಕೂತಿರುವುದನ್ನು ನೋಡಿ ಬರುತ್ತಿದ್ದಾರೆ ಎಂದು ಕಾಣುತ್ತದೆ. ನಿನ್ನೆ ಅವನು ಬರುವುದು ತಡವಾಯಿತು. ನಾನು ಎರಡು ಸಲ ರಸ್ತೆಗೆ ಇಣುಕಿ ನೋಡಿದೆ. ಯಾಕೆ ನೋಡಿದೆ ಎಂದು ನನ್ನನ್ನೇ ಬೈದುಕೊಂಡೆ.

ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ. ಅವನಿಗೆ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು.

ಎದುರಂಗಡಿಯ ಮಾಮ

*

ಏಪ್ರಿಲ್ 11

ಅಪ್ಪನಿಗೆ,

ಮಾಮನ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ದಿನಾ ಬರೆಯಲು ಕೂತು, ಹಾಳೆ ಹರಿದು ಹಾಕುತ್ತಿದ್ದೆ.

ಅವರಿಗೆ ನಿನ್ನ ಮೇಲೆ ಕೋಪ ಇನ್ನೂ ಇದೆ, ನನ್ನ ಮೇಲೂ ಇದೆ. ನಾವು ಅವರನ್ನು ಒಂದು ಮಾತು ಕೇಳದೆ ಯಂತ್ರವನ್ನು ನಂಬಿಬಿಟ್ಟೆವು ಅನ್ನುವ ನೋವು ಅದು. ಅದು ಬೇಗ ಹೋಗುವಂಥದ್ದಲ್ಲ, ನೀನು ಅವಸರ ಮಾಡಬೇಡ. ಅವರು ಮಾತಾಡದಿದ್ದರೂ ಹೋಗಿ ಕೂತುಕೋ. ಈಚೆಗೆ ಒಂದು ದಿನ ನೀನು ತಡವಾಗಿ ಹೋದೆಯಂತೆ. ಹಾಗೆ ಮಾಡಬೇಡ, ಹೊತ್ತಿಗೆ ಸರಿಯಾಗಿ ಹೋಗು.

ಇನ್ನು ಅವತ್ತು ಕಪಾಟಿನ ಕಡೆ ತಿರುಗಿ ಅವರು ಏನು ಹೇಳಿದರು ಎಂದು ಕೇಳಿದ್ದೆಯಲ್ಲ. ವಿಚಾರಿಸಿದೆ. ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೀಯ.

ನಿನ್ನ ಮಗಳು